ಗುಂಡಿನ ಅಳತೆ

ನಮ್ಮ ತವರುಮನೆಯ ಜಗಲಿಯಲ್ಲಿ ಪ್ರತಿ ಮೇ ತಿಂಗಳು ಒಂದು ಜಗಳ ನಡೆಯುತ್ತಿತ್ತು. ಆಸ್ತಿಯ ಜಗಳವಲ್ಲ, ಅತ್ತೆ ಸೊಸೆಯರದೂ ಅಲ್ಲ. ಬಂದೂಕಿನ ಗುಂಡು ಎಷ್ಟು ದಪ್ಪ ಇರಬೇಕು ಎಂಬ ಜಗಳ! ಒಂದು ಕಡೆ ದೊಡ್ಡಪ್ಪ, ಸೈನ್ಯದಿಂದ ಪೆನ್ಶನ್ ಪಡೆದು ಬಂದವರು. ಇನ್ನೊಂದು ಕಡೆ ಅವರ ಮಗ, ಸೈನ್ಯದಿಂದ ವರ್ಷದ ರಜೆಗೆ ಬಂದವನು. ನಾವೆಲ್ಲ ಅವನನ್ನು ಅಣ್ಣ ಎನ್ನುತ್ತಿದ್ದೆವು. ಇಬ್ಬರ ನಡುವೆ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸುತ್ತ ಕುಳಿತ ಅಜ್ಜಿ. ಹಣ್ಣು ಮುಗಿಯುವವರೆಗೂ ಜಗಳ ಮುಗಿಯುತ್ತಿರಲಿಲ್ಲ.

ನಮ್ಮದು ಸೋಮವಾರಪೇಟೆ ಕಡೆಯ ಹಳ್ಳಿ. ಕೊಡಗಿನಲ್ಲಿ ಹುಟ್ಟಿದವರಿಗೆ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ತೋಕ್‌ಪೂವಿಟ್ಟು ಪೂಜಿಸುವುದನ್ನು ನೋಡುತ್ತ ಬೆಳೆದವರು ನಾವು. ಈಡು, ಚರೆ, ತೋಟಾ, ನಳಿಗೆ ಎಂಬ ಮಾತುಗಳು ನಮ್ಮ ಕಿವಿಗೆ ಒರಳು, ಒನಕೆ ಎಂಬ ಮಾತುಗಳಷ್ಟೇ ಸಲೀಸು. ನಾನೂ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಪಾಯಿಂಟ್ ಟೂಟೂ ರೈಫಲ್ಲಿನಿಂದ ಐದು ಗುಂಡು ಹೊಡೆದವಳೇ. ಅದರಲ್ಲಿ ಎರಡು ಪಕ್ಕದ ಹುಡುಗಿಯ ಗುರಿಹಲಗೆಗೆ ಬಿದ್ದು ಅವಳಿಗೆ ಬಹುಮಾನ ಬಂತು. ಆದ್ದರಿಂದ ಈ ವಿಷಯ ಬರೆಯಲು ಇವಳಿಗೇನು ಅಧಿಕಾರ ಎಂದು ಯಾರೂ ಕೇಳಬಾರದು!

ದೊಡ್ಡಪ್ಪನ ದೇವರು ತ್ರೀನಾಟ್‌ತ್ರೀ. ಪೊಲೀಸ್ ಠಾಣೆಯ ಮುಂದೆ ಕಾವಲಿನವನ ಹೆಗಲ ಮೇಲೆ ನಾವೆಲ್ಲ ಬಹಳ ವರ್ಷ ನೋಡಿದೆವಲ್ಲ, ಅದೇ ಮರದ ಹಿಡಿಯ ಉದ್ದನೆಯ ಬಂದೂಕು. "ಒಂದೇ ಈಡು. ಬಿದ್ದವನು ಮತ್ತೆ ಏಳಬಾರದು" ಎನ್ನುವುದು ದೊಡ್ಡಪ್ಪನ ಮಂತ್ರ. ಈ ಹೆಸರಿನ ಅರ್ಥ ನನಗೆ ತಿಳಿದದ್ದು ಮೇಷ್ಟರಾದ ಮೇಲೆಯೇ. ಅದರ ನಳಿಗೆಯ ಅಗಲ ಒಂದು ಇಂಚಿನ ಸಾವಿರ ಪಾಲಿನಲ್ಲಿ 303 ಪಾಲು. ನಮ್ಮ ಲೆಕ್ಕದಲ್ಲಿ 7.7 ಮಿಲಿಮೀಟರ್.

ತಮಾಷೆಯೆಂದರೆ, ದೊಡ್ಡಪ್ಪನಿಗೆ ಅಷ್ಟು ಭರ್ಜರಿಯೆನಿಸಿದ ಈ ಗುಂಡೇ ಒಂದು ಕಾಲಕ್ಕೆ "ತೀರಾ ಸಣ್ಣದು" ಎಂದು ಬೈಸಿಕೊಂಡಿತ್ತು. ಅದಕ್ಕೆ ಮುಂಚೆ ಬ್ರಿಟಿಷರ ಸೈನಿಕರ ಕೈಯಲ್ಲಿದ್ದದ್ದು ಮಾರ್ಟಿನಿ-ಹೆನ್ರಿ ಎಂಬ ಬಂದೂಕು. ಅದರ ಗುಂಡು 0.45 ಇಂಚು ದಪ್ಪ, ಸುಮಾರು 31 ಗ್ರಾಂ ತೂಕದ ಬರೀ ಸೀಸ. 1880ರ ದಶಕದಲ್ಲಿ ಹೊಗೆಯಿಲ್ಲದ ಹೊಸ ಮದ್ದು ಬಂತು. ಅದರ ಬಲ ಹಳೆಯ ಕರಿಮದ್ದಿಗಿಂತ ಎಷ್ಟೋ ಹೆಚ್ಚು. ಗುಂಡನ್ನು ಸಣ್ಣದು ಮಾಡಿ ಬಹಳ ವೇಗದಲ್ಲಿ ಕಳಿಸಬಹುದು, ಅದು ದೂರ ಹೋಗುತ್ತದೆ, ನೇರ ಹೋಗುತ್ತದೆ, ಸೈನಿಕ ಹೆಚ್ಚು ತೋಟಾ ಹೊರಬಹುದು. ಆದರೆ ಆ ವೇಗಕ್ಕೆ ಮೆತ್ತನೆಯ ಸೀಸ ನಳಿಗೆಯೊಳಗೇ ಕಿತ್ತುಬರುತ್ತದೆಂದು ಅದಕ್ಕೆ ಗಟ್ಟಿ ಲೋಹದ ಹೊದಿಕೆ ಹಾಕಿದರು. ಹೀಗೆ 1888ರಲ್ಲಿ ತ್ರೀನಾಟ್‌ತ್ರೀ ಹುಟ್ಟಿತು. ಗುಂಡಿನ ತೂಕ ಸುಮಾರು 14 ಗ್ರಾಂ, ಹಳೆಯದರ ಅರ್ಧವೂ ಅಲ್ಲ.

1895ರಲ್ಲಿ ಈಗ ಪಾಕಿಸ್ತಾನದಲ್ಲಿರುವ ಚಿತ್ರಾಲ್ ಎಂಬ ಬೆಟ್ಟಸೀಮೆಯ ಮೇಲೆ ಬ್ರಿಟಿಷರು ದಂಡೆತ್ತಿ ಹೋದರು. ಅಲ್ಲಿಂದ ದೂರು ಬಂತು. ಗಟ್ಟಿ ಹೊದಿಕೆಯ ಸಣ್ಣ ಗುಂಡು, ಮೈಯನ್ನು ದಬ್ಬಳ ಚುಚ್ಚಿದಂತೆ ಚುಚ್ಚಿ ಆಚೆ ಹೋಗುತ್ತದೆ, ಪಠಾಣ ಬೀಳದೆ ಕತ್ತಿ ಹಿಡಿದು ಓಡಿ ಬರುತ್ತಲೇ ಇರುತ್ತಾನೆ ಎಂದು. ಆ ದೂರಿಗೆ ಮದ್ದು ಅರೆದದ್ದು ಕಲ್ಕತ್ತೆಯ ಮಗ್ಗುಲಿನ ಡಂಡಂ ಎಂಬ ಊರಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ. ಅಲ್ಲಿನ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬಾತ ಗುಂಡಿನ ಮೂತಿಯ ಮೇಲಿನ ಹೊದಿಕೆಯನ್ನು ಸ್ವಲ್ಪ ತೆಗೆದು ಸೀಸವನ್ನು ಬರಿದಾಗಿ ಬಿಟ್ಟ. ಮೈಗೆ ತಾಗಿದೊಡನೆ ಮೂತಿ ಅಣಬೆಯಂತೆ ಅರಳುತ್ತದೆ. ಒಳಹೋಗುವಾಗ ಸಣ್ಣ ತೂತು, ಒಳಗೆ ದೊಡ್ಡ ನಾಶ. 1897-98ರ ತಿರಾ ಕಾಳಗದಲ್ಲಿ ಅದನ್ನು ಗಡಿನಾಡಿನ ಜನರ ಮೇಲೆ ಬಳಸಿದರು.

ಈ ಡಂಡಂ ನಮ್ಮ ಪಾಠದಲ್ಲಿ ಮೊದಲೇ ಬರುವ ಊರು. 1857ರ ಜನವರಿಯಲ್ಲಿ, ಹಸು ಹಂದಿಗಳ ಕೊಬ್ಬು ಸವರಿದ ತೋಟಾಗಳ ಸುದ್ದಿ ಸಿಪಾಯಿಗಳ ಕಿವಿಗೆ ಮೊದಲು ಬಿದ್ದದ್ದು ಇಲ್ಲಿಯೇ. ಆ ವರ್ಷವೇ ಸರ್ಕಾರ ಜನರ ಆಯುಧ ಕಿತ್ತುಕೊಳ್ಳಲು ಕಾಯಿದೆ ಮಾಡಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಕೊಡೆವೆಂದು ದಂಗೆಯೆದ್ದು ಪ್ರಾಣ ಕೊಟ್ಟದ್ದು ಆಗಲೇ. ನಲವತ್ತು ವರ್ಷದಲ್ಲಿ ಒಂದೇ ಊರಿನಿಂದ ಎರಡು ತೋಟಾಗಳು ಪ್ರಪಂಚದ ಚರಿತ್ರೆಗೆ ಹೋದವು. ನನ್ನ ತರಗತಿಯ ಮಕ್ಕಳಿಗೆ ಮಾತ್ರ ಡಂಡಂ ಎಂದರೆ ನಗು. ಅದು ಪಟಾಕಿಯ ಸದ್ದು ಎಂದುಕೊಳ್ಳುತ್ತಾರೆ.

1899ರಲ್ಲಿ ರಷ್ಯಾದ ದೊರೆ ಎರಡನೆಯ ನಿಕೊಲಸ್‌ನ ಕರೆಯ ಮೇಲೆ ಹಾಲೆಂಡಿನ ಹೇಗ್ ನಗರದಲ್ಲಿ ಶಾಂತಿ ಸಮ್ಮೇಳನ ಸೇರಿತು. ಮೈಯೊಳಗೆ ಅರಳುವ, ಚಪ್ಪಟೆಯಾಗುವ ಗುಂಡುಗಳನ್ನು ನಿಷೇಧಿಸಬೇಕೆಂಬ ಮಾತು ಬಂತು. ಬ್ರಿಟನ್ನಿನ ಪ್ರತಿನಿಧಿ ಸರ್ ಜಾನ್ ಆರ್ಡಾ ಎದ್ದುನಿಂತು ವಿರೋಧಿಸಿದ. ಅವನ ವಾದದ ತಿರುಳು ಇಷ್ಟು: ನಾಗರಿಕ ಸೈನಿಕ ಗುಂಡು ತಾಗಿದರೆ ಗಾಯವಾಯಿತೆಂದು ತಿಳಿದು ಆಸ್ಪತ್ರೆಯ ಕಡೆ ನಡೆಯುತ್ತಾನೆ, ಕಾಡುಜನ ಹಾಗಲ್ಲ, ಎರಡು ಮೂರು ಗುಂಡು ತೂರಿದರೂ ಮುನ್ನುಗ್ಗುತ್ತಾನೆ, ಅವನಿಗೆ ಬೇರೆ ಗುಂಡೇ ಬೇಕು. ಶತ್ರುಗಳಲ್ಲಿ ಹೀಗೆ ಭೇದ ಮಾಡುವುದು ಸರಿಯಲ್ಲ ಎಂದು ರಷ್ಯಾದ ಪ್ರತಿನಿಧಿ ಹೇಳಿದ. ಕೊನೆಗೆ ನಿಷೇಧ ಪಾಸಾಯಿತು. ವಿರುದ್ಧ ಮತ ಹಾಕಿದ್ದು ಬ್ರಿಟನ್ ಮತ್ತು ಅಮೆರಿಕ ಎರಡೇ. ಬ್ರಿಟನ್ ಒಪ್ಪಿಕೊಂಡದ್ದು 1907ರಲ್ಲಿ.

ಆ ಕಾಡುಜನ ಯಾರು ಎಂದು ನಾನು ಮಕ್ಕಳಿಗೆ ಕೇಳುತ್ತೇನೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ, "ನಾವೇನಾ ಟೀಚರ್?" ಎಂದು. ಆ ನಿಷೇಧದಲ್ಲಿ ಇನ್ನೊಂದು ಸಣ್ಣ ಅಕ್ಷರದ ಮಾತಿತ್ತು. ಸಹಿ ಹಾಕಿದ ದೇಶಗಳು ತಮ್ಮತಮ್ಮಲ್ಲಿ ಯುದ್ಧ ಮಾಡಿದರೆ ಮಾತ್ರ ಅದು ಅನ್ವಯ. ಯಾರ ಮೈ ಈ ಗುಂಡಿಗೆ ಪರೀಕ್ಷೆಯ ಹಲಗೆಯಾಗಿತ್ತೋ ಅವರು ಸಹಿ ಹಾಕುವ ಮೇಜಿನ ಹತ್ತಿರವೇ ಇರಲಿಲ್ಲ.

ಕಾನೂನು ಒಪ್ಪಿದವರೂ ಸುಮ್ಮನೆ ಕೂರಲಿಲ್ಲ. 1910ರಲ್ಲಿ ತ್ರೀನಾಟ್‌ತ್ರೀಗೆ ಹೊಸ ಗುಂಡು ಬಂತು. ಚೂಪು ಮೂತಿ, ಪೂರ್ತಿ ಹೊದಿಕೆ, ಅರಳುವುದಿಲ್ಲ, ಕಾನೂನಿಗೆ ಸರಿ. ಆದರೆ ಮೂತಿಯೊಳಗೆ ಹಗುರವಾದ ಅಲ್ಯುಮಿನಿಯಂ ತುಂಬಿ ಹಿಂಭಾಗದಲ್ಲಿ ಸೀಸ ಇಟ್ಟರು. ಹಿಂದೆ ಭಾರವಾದ ಗುಂಡು ಮೈಯೊಳಗೆ ಹೋದಮೇಲೆ ನೇರ ಸಾಗದೆ ಲಾಗ ಹಾಕುತ್ತದೆ. ಚಾಪೆಯ ಕೆಳಗೆ ತೂರುವವನಿಗೆ ರಂಗೋಲಿಯ ಕೆಳಗೆ ತೂರುವವನು ಸಿಕ್ಕಂತೆ!

ಅಮೆರಿಕದವರ ಕಥೆ ಇನ್ನೊಂದು. ಯಾವ ಗುಂಡು ಬೇಗ ಬೀಳಿಸುತ್ತದೆ ಎಂದು ತಿಳಿಯಲು 1904ರಲ್ಲಿ ಥಾಮ್ಸನ್ ಎಂಬ ಅಧಿಕಾರಿ ಮತ್ತು ಲಗಾರ್ಡ್ ಎಂಬ ಸೈನ್ಯದ ವೈದ್ಯ ಶಿಕಾಗೋದ ಕಸಾಯಿ ಅಂಗಳದಲ್ಲಿ ಜೀವಂತ ದನಗಳ ಮೇಲೆ ಬೇರೆಬೇರೆ ಅಳತೆಯ ಗುಂಡು ಹಾರಿಸಿ, ಎಷ್ಟು ಗುಂಡಿಗೆ, ಎಷ್ಟು ಹೊತ್ತಿಗೆ ಬೀಳುತ್ತವೆಂದು ನೋಡಿದರು. ಹೆಣಗಳ ಮೇಲೂ ಹೊಡೆದು ನೋಡಿದರು. 0.45 ಇಂಚಿಗೆ ಕಡಿಮೆಯ ಪಿಸ್ತೂಲು ಬೇಡ ಎಂದು ವರದಿ ಕೊಟ್ಟರು. ಅದನ್ನು ಓದಿದ ದಿನ ನನಗೆ ನಮ್ಮ ಕೊಟ್ಟಿಗೆಯ ಗೌರಿ ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ಇನ್ನು ಜಗಲಿಗೆ ಬರೋಣ. 1962ರಲ್ಲಿ ಹಿಮಾಲಯದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದು ಅದೇ ತ್ರೀನಾಟ್‌ತ್ರೀ. ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕು. ಎದುರಿಗಿದ್ದ ಚೀನೀಯರ ಬಂದೂಕುಗಳು ತಾವೇ ತುಂಬಿಕೊಳ್ಳುತ್ತಿದ್ದವು. ಆ ಪೆಟ್ಟಿನ ಮೇಲೆ ಇಚ್ಛಾಪುರದ ಕಾರ್ಖಾನೆಯಲ್ಲಿ ಎಸ್‌ಎಲ್‌ಆರ್ ತಯಾರಾಯಿತು. ಅದರ ಗುಂಡು 7.62 ಮಿಲಿಮೀಟರ್. ಅಣ್ಣ 1985ರಲ್ಲಿ ಸೇರಿದಾಗ ಸಿಕ್ಕಿದ್ದು ಅದೇ. ಆಗ ಜಗಳ ಅಷ್ಟು ಜೋರಿರಲಿಲ್ಲ, ಗುಂಡಿನ ಗಾತ್ರ ಹೆಚ್ಚುಕಡಿಮೆ ಒಂದೇ. ಜಗಳ ಕಾವೇರಿದ್ದು 1990ರ ದಶಕದ ಕೊನೆಗೆ, ನಮ್ಮ ದೇಶದಲ್ಲೇ ರೂಪಿಸಿದ ಇನ್ಸಾಸ್ ರೈಫಲ್ ಬಂದಾಗ. ಅದರ ಗುಂಡು 5.56 ಮಿಲಿಮೀಟರ್.

"ಇದೇನೋ, ಗುಬ್ಬಿ ಹೊಡೆಯೋಕಾ?" ಎಂದರು ದೊಡ್ಡಪ್ಪ.

"ಅಪ್ಪ, ನಿಮ್ಮ ಒಂದು ತೋಟಾದ ತೂಕಕ್ಕೆ ಇದು ಎರಡು ಬರುತ್ತೆ. ಬೆಟ್ಟ ಹತ್ತೋವಾಗ ಹೊರೋನಿಗೆ ಗೊತ್ತು. ಹೆಗಲಿಗೆ ಒದೆಯೋದೂ ಇಲ್ಲ. ಅಲ್ಲದೆ ಈಗ ಲೆಕ್ಕವೇ ಬೇರೆ. ಶತ್ರು ಸತ್ತರೆ ಒಬ್ಬ ಕಡಿಮೆ. ಗಾಯವಾದರೆ ಅವನನ್ನ ಹೊರೋಕೆ ಇಬ್ಬರು ಬೇಕು. ಮೂರು ಜನ ಕಡಿಮೆ."

"ಗಾಯವಾದವನು ಬಿದ್ದಲ್ಲಿಂದಲೇ ನಿನಗೆ ಹೊಡೆದರೆ? ಆಗ ನಿನ್ನ ಲೆಕ್ಕ ಯಾರು ಬರೀತಾರೆ?"

ಅಜ್ಜಿ ಹಲಸಿನ ಅಂಟನ್ನು ಬೆರಳಿನಿಂದ ಉಜ್ಜುತ್ತ ದೊಡ್ಡಪ್ಪನನ್ನು ಕೇಳಿದರು, "ಅಲ್ಲ ಕಣೋ, ನಿನ್ನನ್ನ ಹೊತ್ತುಕೊಂಡು ಬಂದೋರು ಎಷ್ಟು ಜನ?"

ದೊಡ್ಡಪ್ಪ ಸ್ವಲ್ಪ ಹೊತ್ತು ಅಂಗಳ ನೋಡಿದರು. "ನಾಲ್ಕು ಜನ ಅವ್ವ. ಇಬ್ಬರಿಬ್ಬರು ಸರದಿ ಮೇಲೆ."

"ಹಾಗಾದ್ರೆ ಆ ಕಡೆಯೋರು ಲೆಕ್ಕದಲ್ಲಿ ಗೆದ್ದರು ಅನ್ನು" ಎಂದು ಅಜ್ಜಿ ತೊಳೆಯ ತಟ್ಟೆಯನ್ನು ಇಬ್ಬರ ಮುಂದೆಯೂ ಇಟ್ಟರು.

1965ರಲ್ಲಿ ದೊಡ್ಡಪ್ಪನ ತೊಡೆಗೆ ಗುಂಡು ಬಿದ್ದಿತ್ತು. ಎಣ್ಣೆಸ್ನಾನದ ದಿನ ಬಚ್ಚಲ ಹೊರಗೆ ಕುಳಿತಾಗ ನಾವು ಮಕ್ಕಳು ಆ ಗುರುತು ನೋಡುತ್ತಿದ್ದೆವು. ಮುಂದೆ ಹುಣಸೆಬೀಜದಷ್ಟು, ಹಿಂದೆ ಅಂಗೈಯಷ್ಟು. ಅತ್ತ ಕಡೆಯವರಲ್ಲೂ ಅನೇಕರ ಕೈಯಲ್ಲಿ ತ್ರೀನಾಟ್‌ತ್ರೀ ಇತ್ತು. 1947ರಲ್ಲಿ ಪಾತ್ರೆಪಗಡ ಹಂಚಿಕೊಂಡಂತೆ ಬಂದೂಕುಗಳನ್ನೂ ಹಂಚಿಕೊಂಡಿದ್ದೆವಲ್ಲ! ತನಗೆ ಬಿದ್ದದ್ದು ಅದೇ ಗುಂಡು ಎಂದು ದೊಡ್ಡಪ್ಪ ಸಾಯುವತನಕ ನಂಬಿದ್ದರು. "ಬೇರೆ ಯಾವುದಕ್ಕೂ ಅಷ್ಟು ಜೋರಿಲ್ಲ" ಎನ್ನುವಾಗ ದನಿಯಲ್ಲಿ ಒಂದು ಬಗೆಯ ಹೆಮ್ಮೆಯೂ ಇರುತ್ತಿತ್ತು. ಗಂಡಸರ ಈ ಹೆಮ್ಮೆ ನನಗೆ ಇಂದಿಗೂ ಅರ್ಥವಾಗಿಲ್ಲ. ಪಕ್ಕದಲ್ಲಿ ಬಿಸಿನೀರು ತೋಡುತ್ತಿದ್ದ ದೊಡ್ಡಮ್ಮ ಮಾತಾಡುತ್ತಿರಲಿಲ್ಲ. ಮಳೆಗಾಲದ ರಾತ್ರಿ ಆ ಕಾಲು ನೋಯುವಾಗ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದವರು ಅವರು. ಗುಂಡಿನ ಜೋರು ಎಷ್ಟೆಂದು ಅವರ ಬೆರಳುಗಳಿಗೆ ಗೊತ್ತಿತ್ತು.

ಅಪ್ಪ ಮಗನ ವಾದದಲ್ಲಿ ಯಾರು ಸರಿ? ಗಾಯಗೊಳಿಸುವುದಕ್ಕೆಂದೇ ಸಣ್ಣ ಗುಂಡು ಮಾಡಿದರು ಎಂಬ ಮಾತು ಎಲ್ಲ ಕಡೆ ಹಬ್ಬಿದೆ. ಆದರೆ ದೊಡ್ಡ ಕಾರಣ ತೂಕ ಮತ್ತು ಹಿಡಿತ. 7.62ರ ಒಂದು ತೋಟಾ ಸುಮಾರು 24 ಗ್ರಾಂ, 5.56ರದು ಸುಮಾರು 12. ಅಮೆರಿಕದ ಸೈನ್ಯದ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ 1980ರ ದಶಕದಲ್ಲಿ ಜೆಲಟಿನ್ ಗಟ್ಟಿಗಳಿಗೆ ಗುಂಡು ಹೊಡೆದು ತೋರಿಸಿದ್ದೇನೆಂದರೆ, ದಪ್ಪವೊಂದೇ ಮುಖ್ಯವಲ್ಲ. ಗುಂಡು ಒಳಗೆ ಹೋಗಿ ಮಗುಚುತ್ತದೋ, ಚೂರಾಗುತ್ತದೋ, ಎಷ್ಟು ಆಳಕ್ಕೆ ಇಳಿಯುತ್ತದೋ, ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲಿ ತಾಗುತ್ತದೋ ಎಂಬುದು ಮುಖ್ಯ. ನೂರು ವರ್ಷದ ಜಗಳಕ್ಕೆ ಆ ವೈದ್ಯ ಕೊಟ್ಟ ಉತ್ತರ, ನಮ್ಮ ಎನ್‌ಸಿಸಿ ಉಸ್ತಾದರು ಪಾಯಿಂಟ್ ಟೂಟೂ ಕೈಗಿತ್ತು ಹೇಳಿದ ಮಾತಿಗೆ ಬಹಳ ದೂರವೇನೂ ಇರಲಿಲ್ಲ. ಮೊದಲು ಗುರಿ ನೋಡಮ್ಮ, ಆಮೇಲೆ ಮಿಕ್ಕಿದ್ದು.

1999ರ ಬೇಸಿಗೆಯಲ್ಲಿ ಜಗಲಿಯಲ್ಲಿ ಜಗಳ ನಡೆಯಲಿಲ್ಲ. ಅಣ್ಣ ಕಾರ್ಗಿಲ್ ಕಡೆ ಇದ್ದ. ಹಲಸಿನ ಹಣ್ಣು ಕೊಯ್ದದ್ದು ಮೂಲೆಯಲ್ಲೇ ಕೊಳೆಯಿತು. ದೊಡ್ಡಪ್ಪ ರೇಡಿಯೋದ ಪಕ್ಕದಿಂದ ಏಳುತ್ತಿರಲಿಲ್ಲ. ಇನ್ಸಾಸ್‌ನ ಪ್ಲಾಸ್ಟಿಕ್ ಮ್ಯಾಗಜಿನ್ ಆ ಚಳಿಗೆ ಬಿರುಕುಬಿಡುತ್ತಿದೆಯೆಂಬ ದೂರು ಆಮೇಲೆ ಪತ್ರಿಕೆಗಳಲ್ಲಿ ಬಂತು. "ನಾನು ಆಗಲೇ ಹೇಳಿರಲಿಲ್ಲವೇ" ಎನ್ನಲು ದೊಡ್ಡಪ್ಪನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಅವರು ಆ ಪತ್ರಿಕೆಯನ್ನು ಮಡಚಿ, ದೊಡ್ಡಮ್ಮನ ಕಣ್ಣಿಗೆ ಬೀಳದಂತೆ ಅಕ್ಕಿ ಪೆಟ್ಟಿಗೆಯ ಹಿಂದೆ ಇಟ್ಟರು.

ಅಣ್ಣ ಚಳಿಗಾಲದಲ್ಲಿ ಬಂದ. ಬಸ್ಸಿಳಿದು ಅಂಗಳಕ್ಕೆ ಬಂದವನ ಕೈಯಿಂದ ದೊಡ್ಡಪ್ಪ ಟ್ರಂಕು ತೆಗೆದುಕೊಂಡು, "ಊಟ ಆಯ್ತೇನೋ?" ಎಂದರು. ಅಷ್ಟೇ. ಗುಂಡಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಮನೆಯಲ್ಲಿ ನಿಂತ ಜಗಳ ದೇಶದಲ್ಲಿ ನಿಂತಿಲ್ಲ. 2019ರಲ್ಲಿ ನಮ್ಮ ಸೈನ್ಯ 72,400 ಸಿಗ್ ರೈಫಲ್ ಕೊಳ್ಳಲು ಒಪ್ಪಂದ ಮಾಡಿಕೊಂಡಿತು, ಅದು ಮತ್ತೆ 7.62. ಎಕೆ-203 ರೈಫಲ್ ತಯಾರಿಸಲು ಅಮೇಠಿಯ ಕೊರ್ವಾದಲ್ಲಿ ಕಾರ್ಖಾನೆಯನ್ನೂ ಅದೇ ವರ್ಷ ಉದ್ಘಾಟಿಸಿದರು. ಅದೂ 7.62, ಆದರೆ ಗಿಡ್ಡ ತೋಟಾ. ದೊಡ್ಡಪ್ಪ ಇದ್ದಿದ್ದರೆ ಗೆದ್ದೆನೆಂದು ಮೀಸೆ ತಿರುವುತ್ತಿದ್ದರೋ ಏನೋ.

ಕಳೆದ ವರ್ಷ ಹೇಗ್ ಸಮ್ಮೇಳನದ ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಮೂರು ವೃತ್ತ ಬರೆದೆ. 11.4, 7.7, 5.56. ಮಕ್ಕಳು ಸೀಮೆಸುಣ್ಣ ಹಿಡಿದು, ಪೆನ್ಸಿಲ್ ಹಿಡಿದು ಅಳೆದು ನೋಡಿದರು. "ಇಷ್ಟೇನಾ ಟೀಚರ್!" ಎಂದು ಅಚ್ಚರಿಪಟ್ಟರು. ಯಾವುದು ಒಳ್ಳೆಯದು ಎಂದು ಹುಡುಗರು ಆಗಲೇ ಎರಡು ಪಂಗಡವಾಗಿ ವಾದಕ್ಕೆ ಬಿದ್ದಿದ್ದರು. ಕಿಟಕಿಯ ಪಕ್ಕದ ಒಬ್ಬ ಹುಡುಗಿ ಮಾತ್ರ ಅಳೆಯಲೂ ಇಲ್ಲ, ಬರೆದುಕೊಳ್ಳಲೂ ಇಲ್ಲ. ಅವಳ ಅಪ್ಪ ಗಡಿಯಲ್ಲಿದ್ದಾರೆ. ನಾನು ಯಾಕೆಂದು ಕೇಳದೆ, ಹಲಗೆ ಒರೆಸಿ ಮುಂದಿನ ಪಾಠಕ್ಕೆ ಹೋದೆ.