ಕೊಲ್ಹಾಪುರದ ವಿದ್ಯಾರ್ಥಿಗೆ ಕನ್ನಡವೇಕೆ? ಓಲೆಗರಿ, ಶಾಸನ, ವಾಕ್ಚಿತ್ರಗಳ ಸಾಕ್ಷ್ಯ

ಗಡಹಿಂಗ್ಲಜ ತಾಲ್ಲೂಕಿನ ಹಲಕರ್ಣಿಯಂತಹ ಊರುಗಳಿಂದ ಕೊಲ್ಹಾಪುರಕ್ಕೆ ಓದಲು ಹೋಗುವ ವಿದ್ಯಾರ್ಥಿಗೆ ಕನ್ನಡವು ಬಹುಮಟ್ಟಿಗೆ ಮನೆಯಲ್ಲಿಯೇ ಉಳಿದುಬಿಡುವ ಭಾಷೆ. ತರಗತಿಯಲ್ಲಿ ಮರಾಠಿ, ಉನ್ನತ ವ್ಯಾಸಂಗದ ಗ್ರಂಥಗಳಲ್ಲಿ ಇಂಗ್ಲಿಷ್. ಅಜ್ಜಿಯೊಡನೆ ಆಡುವ ಮಾತಿಗೆ ಅಲ್ಲಿ ಕೆಲಸವಿಲ್ಲವೆಂದು ಆತ ಬೇಗನೆ ತೀರ್ಮಾನಿಸಿಕೊಳ್ಳುತ್ತಾನೆ. ಆದರೆ ಕೊಲ್ಹಾಪುರದ ವಿದ್ಯಾಭ್ಯಾಸದ ಇತಿಹಾಸವು ಈ ತೀರ್ಮಾನವನ್ನು ಸಮರ್ಥಿಸುವುದಿಲ್ಲ. ಸಾಹಿತ್ಯ, ಇತಿಹಾಸ, ಕಾಲಗಣನೆಯ ವಿಜ್ಞಾನ, ಚಲನಚಿತ್ರ ಈ ನಾಲ್ಕರಲ್ಲಿ ಯಾವುದನ್ನು ಕೈಗೆತ್ತಿಕೊಂಡರೂ, ಆ ನಗರದ ಮೂಲ ಆಕರಗಳ ಬಳಿ ಹೋದಾಗ ಕನ್ನಡ ಎದುರಾಗುತ್ತದೆ.

ಇದಕ್ಕೆ ಆಡಳಿತದ ಹಿನ್ನೆಲೆಯೊಂದಿದೆ. ಹಿಂದಿನ ಕೊಲ್ಹಾಪುರ ಸಂಸ್ಥಾನದಲ್ಲಿ ಗಡಹಿಂಗ್ಲಜ, ರಾಯಬಾಗ ಮೊದಲಾದ ಕನ್ನಡ ಮಾತಿನ ಪ್ರದೇಶಗಳೂ ಸೇರಿದ್ದವು. 1880ರಲ್ಲಿ ರೂಪುಗೊಂಡ ರಾಜಾರಾಮ ಕಾಲೇಜು ಈ ಇಡೀ ಸೀಮೆಗೆ ಉನ್ನತ ಶಿಕ್ಷಣದ ಬಾಗಿಲಾಯಿತು. ಶಾಹೂ ಮಹಾರಾಜರ ಪ್ರೋತ್ಸಾಹದಿಂದ 1901ರಿಂದೀಚೆಗೆ ನಗರದಲ್ಲಿ ವಿವಿಧ ಸಮುದಾಯಗಳ ವಿದ್ಯಾರ್ಥಿವಸತಿಗಳು ಹುಟ್ಟಿಕೊಂಡವು. ಅವುಗಳಲ್ಲಿ ಜೈನ ಮತ್ತು ಲಿಂಗಾಯತ ಬೋರ್ಡಿಂಗುಗಳು ಕನ್ನಡ ಮನೆಮಾತಿನ ಹಳ್ಳಿಗಳ ಹುಡುಗರಿಗೂ ನೆಲೆಯಾಗಬಲ್ಲವಾಗಿದ್ದವು. 1917ರಲ್ಲಿ ಸಂಸ್ಥಾನವು ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿತು. ರಾಜಾರಾಮ ಕಾಲೇಜಿನಲ್ಲಿ ಕೆ. ಜಿ. ಕುಂದಣಗಾರರು ಕನ್ನಡವನ್ನೂ ಆ. ನೇ. ಉಪಾಧ್ಯೆಯವರು ಅರ್ಧಮಾಗಧಿಯನ್ನೂ ಬೋಧಿಸಿದರು. ಮುಂದೆ ಕುಂದಣಗಾರರು 1961ರ ಗದಗ ಸಾಹಿತ್ಯ ಸಮ್ಮೇಳನಕ್ಕೂ ಉಪಾಧ್ಯೆಯವರು 1967ರ ಶ್ರವಣಬೆಳಗೊಳ ಸಮ್ಮೇಳನಕ್ಕೂ ಅಧ್ಯಕ್ಷರಾದರು. ಇಂದಿನ ಮಹಾರಾಷ್ಟ್ರದ ಒಂದೇ ಕಾಲೇಜಿನ ಇಬ್ಬರು ಅಧ್ಯಾಪಕರಿಗೆ ಈ ಗೌರವ ಸಂದುದು ಗಮನಾರ್ಹ.

ಉಪಾಧ್ಯೆಯವರು ಚಿಕ್ಕೋಡಿ ಸೀಮೆಯ ಸದಲಗದಲ್ಲಿ 1906ರಲ್ಲಿ ಜನಿಸಿದರು. 1930ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಎಂ.ಎ. ಮುಗಿಸಿ, ಅದೇ ವರ್ಷ ರಾಜಾರಾಮ ಕಾಲೇಜನ್ನು ಸೇರಿ, 1962ರವರೆಗೆ ಅಲ್ಲಿಯೇ ಕೆಲಸ ಮಾಡಿದರು. ಅವರ ವಿದ್ವತ್ತಿನ ರೀತಿಯನ್ನು ಅರಿಯಲು 'ವರಾಂಗಚರಿತ'ದ ಪ್ರಸಂಗವೊಂದೇ ಸಾಕು. ಈ ಸಂಸ್ಕೃತ ಕಾವ್ಯದ ಓಲೆಪ್ರತಿ ಅವರಿಗೆ ದೊರೆತುದು ಕೊಲ್ಹಾಪುರದ ಲಕ್ಷ್ಮೀಸೇನ ಮಠದಲ್ಲಿ. ಕಾವ್ಯದ ಭಾಷೆ ಸಂಸ್ಕೃತ, ಗರಿಯ ಮೇಲಿನ ಲಿಪಿ ಕನ್ನಡ; ಕವಿಯ ಹೆಸರು ಕಾವ್ಯದೊಳಗೆ ಇರಲಿಲ್ಲ. ಕರ್ತೃನಿರ್ಣಯಕ್ಕೆ ನೆರವಾದುದು ಕನ್ನಡ ಸಾಹಿತ್ಯ. ಪಂಪನು ಆದಿಪುರಾಣದಲ್ಲಿ ಜಟಾಚಾರ್ಯನನ್ನು ಸ್ಮರಿಸಿದ್ದಾನೆ. ಚಾವುಂಡರಾಯನು ತನ್ನ ಪುರಾಣದಲ್ಲಿ ಅವನನ್ನು ಹೆಸರಿಸಿ ಪದ್ಯವನ್ನೂ ಉದ್ಧರಿಸಿದ್ದಾನೆ. ಕೊಪ್ಪಳದ ಬೆಟ್ಟದಲ್ಲಿರುವ ಪಾದಚಿಹ್ನೆಯ ಕನ್ನಡ ಶಾಸನವು ಜಟಾಸಿಂಹನಂದಿಯನ್ನು ಉಲ್ಲೇಖಿಸುತ್ತದೆ. ಇಂತಹ ಆಧಾರಗಳನ್ನು ಕೂಡಿಸಿ ಉಪಾಧ್ಯೆಯವರು ಕಾವ್ಯವು ಜಟಾಸಿಂಹನಂದಿಯದೆಂದು ಸ್ಥಾಪಿಸಿ, 1938ರಲ್ಲಿ ಅದನ್ನು ಪ್ರಕಟಿಸಿದರು. ಕನ್ನಡ ಬಾರದ ಸಂಸ್ಕೃತಜ್ಞನಿಗೆ ಈ ಗರಿ ಕೈಯಲ್ಲಿದ್ದರೂ ಮುಚ್ಚಿದ ಪುಸ್ತಕವಾಗಿರುತ್ತಿತ್ತು.

ಇತಿಹಾಸದ ವಿಷಯದಲ್ಲಿ ಇದೇ ಮಾತನ್ನು ಕಲ್ಲುಗಳು ಹೇಳುತ್ತವೆ. 1939ರಲ್ಲಿ ಪ್ರಕಟವಾದ ಕುಂದಣಗಾರರ ಶಾಸನಸಂಗ್ರಹವು ಉತ್ತರ ಕರ್ನಾಟಕವನ್ನೂ ಕೊಲ್ಹಾಪುರ ಸಂಸ್ಥಾನವನ್ನೂ ಒಂದೇ ಹೊತ್ತಗೆಯಲ್ಲಿ ಸೇರಿಸಿತು. ಈ ಸೇರ್ಪಡೆ ಆಕಸ್ಮಿಕವಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಆಳಿದ ಶಿಲಾಹಾರರು ಕನ್ನಡ, ಸಂಸ್ಕೃತ ಎರಡರಲ್ಲಿಯೂ ಶಾಸನಗಳನ್ನು ಹಾಕಿಸಿದರು. ಗಂಡರಾದಿತ್ಯನ ಸಾಮಂತ ನಿಂಬದೇವನು ಕೊಲ್ಹಾಪುರದಲ್ಲಿ ರೂಪನಾರಾಯಣ ಬಸದಿಯನ್ನು ಕಟ್ಟಿಸಿದನು. ಅಲ್ಲಿನ ಆಚಾರ್ಯ ಮಾಘನಂದಿ ಸೈದ್ಧಾಂತಿಕನ ಕೀರ್ತಿಯನ್ನು ತೇರದಾಳದ ಶಾಸನವೂ ಸಾರುತ್ತದೆ. ಒಬ್ಬ ಗುರುವಿನ ಚರಿತ್ರೆಯನ್ನು ಬರೆಯಬೇಕಾದರೂ ಇಂದಿನ ಎರಡು ರಾಜ್ಯಗಳ ಕಲ್ಲುಗಳನ್ನು ಓದಬೇಕಾಗುತ್ತದೆ.

ಶಾಸನ, ಪ್ರಶಸ್ತಿಗಳ ಓದಿಗೆ ಗಣಿತವೂ ಬೇಕು. ಗಡಹಿಂಗ್ಲಜಕ್ಕೆ ಸಮೀಪದ ಆಜರಾ ಅಂದಿನ 'ಆಜುರಿಕಾ'. ಅಲ್ಲಿ ಗಂಡರಾದಿತ್ಯನು ಕಟ್ಟಿಸಿದ್ದ ಜಿನಾಲಯದಲ್ಲಿ, ಇಮ್ಮಡಿ ಭೋಜನ ಕಾಲದಲ್ಲಿ, ಸೋಮದೇವನು ಜೈನೇಂದ್ರ ವ್ಯಾಕರಣಕ್ಕೆ 'ಶಬ್ದಾರ್ಣವಚಂದ್ರಿಕೆ' ಎಂಬ ವೃತ್ತಿಯನ್ನು ರಚಿಸಿದನು. ಗ್ರಂಥಾಂತ್ಯದಲ್ಲಿ ಶಕ 1127, ಕ್ರೋಧನ ಸಂವತ್ಸರವೆಂಬ ಕಾಲನಿರ್ದೇಶವಿದೆ. ವಿದ್ಯಾರ್ಥಿಯು ಇದನ್ನು ತಾನೇ ಪರೀಕ್ಷಿಸಬಹುದು. ಗತಶಕ 1127ಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಶೇಷ 59. ಪ್ರಭವದಿಂದ ಎಣಿಸಿದಾಗ 59ನೆಯದು ಕ್ರೋಧನವೇ. ಎರಡೂ ನಿರ್ದೇಶಗಳು ಹೊಂದುವುದರಿಂದ ಕ್ರಿ.ಶ. 1205-06 ದೃಢಪಡುತ್ತದೆ. ಉತ್ತರದ ಬಾರ್ಹಸ್ಪತ್ಯ ಪದ್ಧತಿಯಲ್ಲಿ ಗುರುಗ್ರಹದ ಗತಿಗನುಗುಣವಾಗಿ ಸುಮಾರು 85 ವರ್ಷಗಳಿಗೊಮ್ಮೆ ಒಂದು ಸಂವತ್ಸರ ಲೋಪವಾಗುತ್ತದೆ. ದಕ್ಷಿಣದ ಎಣಿಕೆಯಲ್ಲಿ ಆ ಲೋಪವಿಲ್ಲ. ಆಜರೆಯ ಪಂಡಿತನು ದಕ್ಷಿಣದ ಎಣಿಕೆಯನ್ನು ಅನುಸರಿಸಿದ್ದಾನೆಂಬುದು ಈ ಸಣ್ಣ ಲೆಕ್ಕದಿಂದಲೇ ತಿಳಿಯುತ್ತದೆ.

ಚಲನಚಿತ್ರದ ಇತಿಹಾಸವು ಹತ್ತಿರದ ಕಾಲದ್ದಾದರೂ ಅಲ್ಲಿ ನಷ್ಟವು ಹೆಚ್ಚು. ಬಾಬುರಾವ್ ಪೇಂಟರ್ ಅವರ 'ಸೈರಂಧ್ರಿ' (1920) ಕೊಲ್ಹಾಪುರವನ್ನು ಚಿತ್ರನಗರಿಯಾಗಿ ಗುರುತಿಸಿತು. 1929ರಲ್ಲಿ ಅಲ್ಲಿಯೇ ಸ್ಥಾಪನೆಯಾದ ಪ್ರಭಾತ್ ಸಂಸ್ಥೆಯು, ಪುಣೆಗೆ ಹೋಗುವ ಮುನ್ನ, 1932ರಲ್ಲಿ ಮೊದಲ ಮರಾಠಿ ವಾಕ್ಚಿತ್ರವೆಂದು ಗಣಿಸಲಾಗುವ 'ಅಯೋಧ್ಯೇಚಾ ರಾಜಾ'ವನ್ನು ತಯಾರಿಸಿತು. ಎರಡು ವರ್ಷಗಳ ತರುವಾಯ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಚಿತ್ರಿತವಾದುದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ. ವಿ. ರಾವ್ ಅದರ ನಿರ್ದೇಶಕರು. ಬೆಳ್ಳಾವೆ ನರಹರಿಶಾಸ್ತ್ರಿಗಳು ಸಂಭಾಷಣೆ, ಗೀತೆಗಳನ್ನು ಬರೆದರು. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯಿಸಿದರು. ಎರಡು ಭಾಷೆಗಳ ಬೆಳ್ಳಿತೆರೆಗೆ ಮಾತು ಬಂದುದು ಒಂದೇ ಊರಿನಲ್ಲಿ. ಮರಾಠಿ ಚಿತ್ರ ಉಳಿದಿದೆ. ಕನ್ನಡ ಚಿತ್ರದ ಪ್ರತಿ ಉಳಿದಿಲ್ಲ. ಅದರ ಚರಿತ್ರೆಯನ್ನು ಇನ್ನು ಬರಹದ ಆಕರಗಳಿಂದಲೇ ಕಟ್ಟಬೇಕು; ಅದಕ್ಕೆ ಬೆಂಗಳೂರಿನ ಕನ್ನಡ ಪತ್ರಿಕೆಗಳನ್ನೂ ಕೊಲ್ಹಾಪುರದ ಮರಾಠಿ ದಾಖಲೆಗಳನ್ನೂ ಓದಬಲ್ಲವನೇ ಬೇಕು.

1949ರಲ್ಲಿ ಸಂಸ್ಥಾನ ವಿಲೀನವಾಯಿತು. 1956 ಮತ್ತು 1960ರಲ್ಲಿ ರಾಜ್ಯಗಳ ಗಡಿಗಳು ಬದಲಾದವು. ಉಪಾಧ್ಯೆಯವರು ನಿವೃತ್ತರಾದ 1962ರಲ್ಲಿಯೇ ಶಿವಾಜಿ ವಿಶ್ವವಿದ್ಯಾನಿಲಯ ಆರಂಭವಾಯಿತು. ಗಡಿಯ ಯಾವ ಬದಿಯ ಊರು ಯಾರಿಗೆ ಸೇರಬೇಕೆಂಬ ವಾದವು ಅಂದಿನಿಂದ ಬಹಳ ಪುಟಗಳನ್ನು ತುಂಬಿದೆ. ಆ ವಾದ ಹೇಗೆಯೇ ತೀರಲಿ, ಶಿಲಾಹಾರರ ಕಲ್ಲುಗಳು ಕೊಲ್ಹಾಪುರದಲ್ಲಿಯೇ ಇರುತ್ತವೆ. ಅವುಗಳನ್ನು ಓದುವ ಸಾಮರ್ಥ್ಯವು ಒಂದು ತಲೆಮಾರಿನಲ್ಲಿ ಕಡಿದುಹೋದರೆ, ನಷ್ಟವು ಕನ್ನಡಿಗರಿಗೆ ಎಷ್ಟೋ ಅಷ್ಟೇ ಕೊಲ್ಹಾಪುರದ ಮರಾಠಿ ಇತಿಹಾಸಕಾರರಿಗೂ ತಟ್ಟುತ್ತದೆ. ಹಲಕರ್ಣಿಯ ಹುಡುಗಿ ಕೊಲ್ಹಾಪುರಕ್ಕೆ ಹೊರಡುವಾಗ ಮರಾಠಿಯೊಡನೆ ಕನ್ನಡವೂ ಅವಳ ಜೊತೆಗಿರುತ್ತದೆ. ಅವಳಿಗೆ ಹಳಗನ್ನಡದ ವ್ಯಾಕರಣ, ಲಿಪಿಯ ಪೂರ್ವರೂಪಗಳು, ಕಾಲಗಣನೆ ಈ ಮೂರನ್ನು ಕಲಿಸಿಕೊಡುವ ಏರ್ಪಾಡನ್ನು ಗಡಿಯ ಎರಡೂ ಬದಿಯ ವಿಶ್ವವಿದ್ಯಾನಿಲಯಗಳು ಸೇರಿ ಮಾಡಿದರೆ, ಕುಂದಣಗಾರರೂ ಉಪಾಧ್ಯೆಯವರೂ ನಡೆಸಿದ ಕೆಲಸ ಮುಂದುವರಿಯುತ್ತದೆ.