ಘಟೋತ್ಕಚನೂ ಪಚಿರಿಸುವೂ

1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವ ಮಾಟುಂಗದ ಮನೆಗಳಿಗೆ ಪೊಕೆಮಾನ್ ಬಂದದ್ದು 2003ರಲ್ಲಿ, ಕಾರ್ಟೂನ್ ನೆಟ್‌ವರ್ಕ್ ಮೂಲಕ. ಜಪಾನಿನಲ್ಲಿ ವಿಡಿಯೋ ಗೇಮ್ ಆಗಿ ಹುಟ್ಟಿ ಆಗಲೇ ಏಳು ವರ್ಷ. ಹಿರಿಯರಿಗೆ ಅದು ಬರೀ ರಾಕ್ಷಸರ ಗಲಾಟೆ. ಮಕ್ಕಳು ಕಲಿತದ್ದು ದಾಳಿಯ ಲೆಕ್ಕ: ಬೆಂಕಿ ನೀರಿಗೆ ಸೋಲುತ್ತದೆ, ನೀರು ಮಿಂಚಿಗೆ.

ಆ ಲೆಕ್ಕವೂ ಬದಲಾಗುತ್ತ ಬಂತು. 2006ರವರೆಗೆ ನೀರಿನ ಹೊಡೆತಗಳಿಗೆಲ್ಲ ತೋಳ್ಬಲ ಲೆಕ್ಕಕ್ಕಿರಲಿಲ್ಲ. ದೈತ್ಯ ಗ್ಯಾರಡೋಸ್‌ಗೆ ತನ್ನ ನೀರೇ ಒಗ್ಗುತ್ತಿರಲಿಲ್ಲ. ಆ ವರ್ಷದ ಡೈಮಂಡ್, ಪರ್ಲ್ ಆಟಗಳು ಒಂದೊಂದು ಹೊಡೆತದ ಗುಣವನ್ನೂ ಬೇರೆಬೇರೆಯಾಗಿ ನಿಗದಿ ಮಾಡಿದವು.

2014ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ವಾಷಿಂಗ್ಟನ್‌ನಲ್ಲಿ. ಕೊರಿಯಾದ ಸೆಜುನ್ ಪಾರ್ಕ್ ತಂಡದಲ್ಲಿ ಗ್ಯಾರಡೋಸ್ ಇತ್ತು. ಜೊತೆಗೆ ಯಾರೂ ಕ್ಯಾರೇ ಅನ್ನದ ಪಚಿರಿಸು ಎಂಬ ಅಳಿಲು. ಒಮ್ಮೆಗೆ ಇಬ್ಬಿಬ್ಬರು ಕಣಕ್ಕಿಳಿಯುವ ಪಂದ್ಯ. ಅಳಿಲು ಎದುರಾಳಿಯ ಹೊಡೆತಗಳನ್ನು ತನ್ನ ಮೈಮೇಲೆ ಎಳೆದುಕೊಂಡಿತು, ಪಕ್ಕದವರು ದಾಳಿಗೆ ಇಳಿದರು. ಪಾರ್ಕ್ ಗೆದ್ದ.

ಊರಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದ ಅಜ್ಜನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಮೊಮ್ಮಗ ಕನ್ನಡದಲ್ಲಿ ಹೇಳಿದರೆ ಸಾಕು.) ಕರ್ಣ ಅರ್ಜುನನಿಗೆಂದೇ ಕಾದಿಟ್ಟಿದ್ದ ಶಕ್ತ್ಯಾಯುಧವನ್ನು ಕೃಷ್ಣ ಘಟೋತ್ಕಚನ ಮೇಲೆ ಖರ್ಚು ಮಾಡಿಸಿದ್ದು ಇದೇ ಲೆಕ್ಕದಲ್ಲಿ. ಭೀಮನ ಮಗ ಮತ್ತೆ ಏಳಲಿಲ್ಲ. ಅಳಿಲು ಮುಂದಿನ ಪಂದ್ಯಕ್ಕೆ ಎದ್ದು ನಿಲ್ಲುತ್ತದೆ.