ಅರ್ಧ ಪೈಸೆಯ ಸೈಕಲ್ ಫ್ರೇಮು

ಮನೆಯಲ್ಲೇ ಸೈಕಲ್ ಫ್ರೇಮ್ ಮಾಡೋ ಹುಚ್ಚು ಹತ್ತಿದಾಗ, ವೆಲ್ಡಿಂಗ್ ಬರದ ನನಗೆ ಕಂಡ ದಾರಿ ಬಿದಿರು. ಇದೇನೂ ಹೊಸದಲ್ಲ, 1894ರಲ್ಲೇ ಇಂಗ್ಲೆಂಡಿನಲ್ಲಿ ಬಿದಿರಿನ ಸೈಕಲ್ಲಿಗೆ ಪೇಟೆಂಟ್ ಆಗಿತ್ತು. ಗಳ ಒಣಗಿಸಿ, ಅಳತೆಗೆ ಕೊಯ್ದು, ಕೂಡೋ ಕಡೆ ಎಪಾಕ್ಸಿಯಲ್ಲಿ ಅದ್ದಿದ ನಾರು ಬಿಗಿಯಾಗಿ ಸುತ್ತಬೇಕು. ಒಳಗೆ ಟೊಳ್ಳು ಕಡಿಮೆ ಇರೋ ಕಿರುಬಿದಿರು ಹಳಿಯಾಳ, ಮುಂಡಗೋಡದ ಕಡೆ ಇದೆ ಅಂತ ನಾಲ್ಕು ಗಳಕ್ಕೆ ಹೊರಟೆ. ಸಿಕ್ಕಿದ್ದು ಗಳಕ್ಕಿಂತ ಹೆಚ್ಚು ಕತೆ!

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಶುರುವಾದ ಕಂಪನಿ. ಅದಕ್ಕೆ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗ್ತಿತ್ತು ಅಂತ ಮಾಧವ ಗಾಡ್ಗೀಳರು ಬರೆದಿದ್ದಾರೆ. ನನ್ನ ಫ್ರೇಮಿಗೆ ಬೇಕಾದ ಎರಡು ಕೆಜಿಗೆ ಆ ದರದಲ್ಲಿ ಅರ್ಧ ಪೈಸೆಯೂ ಆಗಲ್ಲ. (ಎಪಾಕ್ಸಿಗೆ ಎಷ್ಟು ಕೊಟ್ಟೆ ಅಂತ ಮಾತ್ರ ಕೇಳಬೇಡಿ.) ಬುಟ್ಟಿ ಹೆಣೆಯೋ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಡಬೇಕಿತ್ತು.

ಬುಟ್ಟಿ ಹೆಣೆಯೋರ ದೂರಿನ ಮೇಲೆ 1975ರಲ್ಲಿ ಗಾಡ್ಗೀಳರು ಅಧ್ಯಯನಕ್ಕಿಳಿದರು. ಕಡಿಯಲು ಅನುಕೂಲ ಅಂತ ಮೆಳೆಯ ಬುಡದ ಮುಳ್ಳು ಸವರೋ ಪದ್ಧತಿ ಇತ್ತಂತೆ. ಮುಳ್ಳು ಹೋದರೆ ಎಳೆ ಕಳಲೆಯನ್ನ ದನ, ಕಾಡುಪ್ರಾಣಿಗಳು ಮುಗಿಸ್ತವೆ ಅಂದಿದ್ದು ಹಳ್ಳಿಯವರು. ಪರೀಕ್ಷೆ ಮಾಡಿ ನೋಡಿದರೆ ಅವರು ಹೇಳಿದ್ದೇ ಸರಿ!

ಕಾಡಿನ ಹೊರಗೆ ಬೆಳೆದ ಬಿದಿರು ಕಾನೂನಿನ ಲೆಕ್ಕದಲ್ಲಿ 'ಮರ' ಅಲ್ಲ ಅಂತಾಗಿದ್ದು 2017ರಲ್ಲಿ. ನನ್ನ ಗಳಗಳೂ ಒಬ್ಬರ ಹೊಲದ ಬದುವಿನವು. ಈಗ ಅಟ್ಟದ ಮೇಲೆ ಒಣಗ್ತಿವೆ, ಒಂದು ಆಗಲೇ ಸೀಳು ಬಿಟ್ಟಿದೆ.